ಎಚ್ಚರಿದ್ದವರ ತಲೆದೆಸೆಗೆ

ಮಾವಶಿ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹನ್ನೊಂದು ದಿನ ತಡವಾಗಿ. ನಮ್ಮ ಆಸ್ಪತ್ರೆಯ ಕಂಪೌಂಡರಿಗೆ ಬೀಳಗಿಯಿಂದ ಬರುವಾಗ ಬಸ್ಸಿನಲ್ಲಿ ಯಾರೋ ಹೇಳಿದರಂತೆ. ಬೆಳಿಗ್ಗೆ ಬಂದು, ಹಾಜರಿಗೆ ಸಹಿ ಮಾಡಿ, ನೀರು ಕುಡಿದು, ಆಮೇಲೆ ನೆನಪಾಗಿ, "ಸಾಹೇಬರ, ನಮ್ಮ ಮಾವಶಿ ಹೋದ್ರಂತ್ರಿ" ಎಂದರು. ಮಣ್ಣಿಗೆ ಯಾರ್ಯಾರು ಬಂದಿದ್ದರಂತೆ ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ನಮ್ಮ ಆಸ್ಪತ್ರೆಯಿಂದಂತೂ ಯಾರೂ ಹೋಗಿರಲಿಲ್ಲ.

ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ನಮ್ಮ ಜಮಖಂಡಿ ಕಡೆ ಆಸ್ಪತ್ರೆಯ ಆಯಾಗಳನ್ನು ಹಾಗೆ ಕರೆಯುವುದುಂಟು. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಗಿಡ್ಡ ಆಳು, ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಸಿನ, ಎರಡೂ ಮುಂಗೈಗೆ ಹಸಿರು ಹಚ್ಚೆ. ನಾವು ಮೂವರು ಡಾಕ್ಟರರು ಸೇರಿ ಇಪ್ಪತ್ತು ಹಾಸಿಗೆಯ ಆಸ್ಪತ್ರೆ ತೆರೆದಾಗ ನೆಲ ಒರೆಸುವ ಕೆಲಸಕ್ಕೆ ಬಂದವರು ಅವರು. ಆದರೆ ನನ್ನ ಕೆಲಸದಲ್ಲಿ ಅವರ ಪಾಲು ಎಷ್ಟಿತ್ತು ಎಂಬುದನ್ನು ಹೇಳಬೇಕಾದರೆ ಮೊದಲು ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು.

ನಾನು ಕೈಯ ಡಾಕ್ಟರು. ಈ ಸೀಮೆಯಲ್ಲಿ ಬೆರಳು ಕಳೆದುಕೊಳ್ಳಲು ದಾರಿ ಬಹಳ. ಬನಹಟ್ಟಿಯ ಪವರ್‌ಲೂಮಿನ ಗಾಲಿ, ಮುಧೋಳದ ಕಬ್ಬಿನ ಗಾಣ, ಎಲ್ಲ ಊರುಗಳಲ್ಲೂ ಮೇವು ಕತ್ತರಿಸುವ ಮಷೀನು. ತುಂಡಾದ ಬೆರಳನ್ನು ಮತ್ತೆ ಕೂಡಿಸುವ ವಿದ್ಯೆಯನ್ನು ದೊಡ್ಡ ಊರಲ್ಲಿ ಕಲಿತು, ಕಣ್ಣಿನ ಡಾಕ್ಟರೊಬ್ಬರು ಮಾರಲು ಇಟ್ಟಿದ್ದ ಹಳೆಯ ಮೈಕ್ರೋಸ್ಕೋಪ್ ಹೊತ್ತುಕೊಂಡು ನಾನು ನನ್ನ ಸೀಮೆಗೆ ಮರಳಿದ್ದೆ. ನಾನು ಹುಟ್ಟಿದ್ದು ಸಾವಳಗಿಯಲ್ಲಿ. ಅರಿವಳಿಕೆ ಕೊಡುವ ವೈದ್ಯರು ವಿಜಾಪುರದಿಂದ ವಾರಕ್ಕೆ ಎರಡೇ ದಿನ ಬರುತ್ತಿದ್ದರು. ಬೆರಳುಗಳು ಆ ಎರಡು ದಿನ ನೋಡಿಕೊಂಡು ತುಂಡಾಗುವುದಿಲ್ಲ. ಬರುವವರೂ ಹೊಟ್ಟೆ ತುಂಬ ರೊಟ್ಟಿ ತಿಂದವರು, ದಮ್ಮಿನವರು, ಬೀಡಿ ಸೇದಿ ಎದೆ ಕೆಟ್ಟವರು. ಅವರ ಪ್ರಜ್ಞೆ ತಪ್ಪಿಸಿ ಐದಾರು ತಾಸು ಮಲಗಿಸುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಮಣಿಕಟ್ಟಿಗೆ ಸೂಜಿ ಹಾಕಿ, ಕೈಯನ್ನಷ್ಟೇ ಮರಗಟ್ಟಿಸಿ, ಮನುಷ್ಯ ಎಚ್ಚರಿದ್ದಂತೆಯೇ ಬೆರಳು ಕೂಡಿಸತೊಡಗಿದೆ. ನೋವು ತಿಳಿಯುವುದಿಲ್ಲ. ಮೂಳೆಗೆ ತಂತಿ ಹಾಕಿ, ನರ ಹೊಲಿದು, ಕೂದಲಿಗಿಂತ ಸಣ್ಣ ದಾರದಿಂದ ರಕ್ತನಾಳ ಜೋಡಿಸಬಹುದು.

ಕಷ್ಟ ಬೇರೆ ಇತ್ತು. ಎಚ್ಚರಿರುವ ಮನುಷ್ಯ ಐದು ತಾಸು ಸುಮ್ಮನೆ ಅಂಗಾತ ಬಿದ್ದಿರಬೇಕು. ಹಸಿರು ಬಟ್ಟೆಯ ಆಚೆ ತನ್ನ ಕೈಗೆ ಏನಾಗುತ್ತಿದೆಯೋ ಎಂದು ನೆನೆದು ನೆನೆದು ನಡುಗುತ್ತಾನೆ. ಅವನು ಕೂದಲೆಳೆಯಷ್ಟು ನಡುಗಿದರೆ ಮೈಕ್ರೋಸ್ಕೋಪಿನಲ್ಲಿ ಭೂಮಿಯೇ ನಡುಗಿದಂತೆ ಕಾಣುತ್ತದೆ.

ಅಂಥವರಲ್ಲಿ ಮೊದಲನೆಯವರು ಬನಹಟ್ಟಿಯ ಒಬ್ಬ ನೇಕಾರರು. ತೋರುಬೆರಳು ಹೋಗಿತ್ತು. ಹತ್ತು ನಿಮಿಷಕ್ಕೊಮ್ಮೆ ಏಳಲು ನೋಡುತ್ತಿದ್ದರು. ನಾನು ಗದರಿದೆ, ನರ್ಸ್ ರಮಿಸಿದರು, ಏನೂ ಆಗಲಿಲ್ಲ. ಮೂಲೆಯಲ್ಲಿ ಬಕೀಟು ಹಿಡಿದು ನಿಂತಿದ್ದ ಮಾವಶಿ ಬಂದು, ಕಾಲಿಟ್ಟು ಹತ್ತುವ ಸ್ಟೂಲನ್ನು ಎಳೆದುಕೊಂಡು, ಅವರ ತಲೆದೆಸೆಗೆ ಕೂತು ಕೇಳಿದರು. "ಅಣ್ಣಾರ, ಮಗ್ಗದ ಮ್ಯಾಲ ಈಗ ಯಾವ ಸೀರಿ ಐತ್ರಿ?"

"ಹಸರ," ಎಂದರು ನೇಕಾರರು.

"ಎಂಥಾ ಹಸರ? ಗಿಣಿ ಹಸರೋ, ಹೊಲದ ಹಸರೋ?"

ಆಮೇಲೆ ಮೂರು ತಾಸು ನಾನು ಕೇಳಿದ್ದು ಬರೀ ಬಣ್ಣ, ದಡಿ, ಸೆರಗು. ನೇಕಾರರು ಅಲುಗಲಿಲ್ಲ. ಆ ಬೆರಳು ಉಳಿಯಿತು. ಮರುದಿನ ನಾನು ಹೊಸ ಸ್ಟೂಲು ತರಿಸಿ, "ಮಾವಶಿ, ಇನ್ನ ಮ್ಯಾಲ ನಿಮ್ಮ ಕೆಲಸ ಇದ" ಎಂದೆ. "ಆತರಿ," ಎಂದರು. ಅಷ್ಟೇ.

ಒಳಗೆ ಬರುವ ಮೊದಲು ಬಾಯಿಗೆ ಲವಂಗ ಹಾಕಿಕೊಂಡು ಅಗಿದು ಉಗುಳಿ ಬರುತ್ತಿದ್ದರು. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡ ಮೇಲೆಯೇ ರೋಗಿಯ ಹಣೆ ಮುಟ್ಟುತ್ತಿದ್ದರು. ಹೆದರಬೇಡ ಎಂಬ ಮಾತನ್ನು ಯಾರಿಗೂ ಹೇಳಿದ್ದು ನಾನು ಕೇಳಿಲ್ಲ. ಕಾರಣ ಕೇಳಿದಾಗ, "ಹಂಗ ಅಂದ್ರ ಹೆದರೂವಂಥಾದ್ದು ಏನೋ ಐತಿ ಅಂತ ಅವರಿಗಿ ಗೊತ್ತಾಕ್ಕೈತಲ್ರಿ" ಎಂದಿದ್ದರು. ಬದಲಿಗೆ ದಾರಿ ಕೇಳುತ್ತಿದ್ದರು. "ನಿಮ್ಮೂರ ಯಾವುದ್ರಿ? ಬಸ್‌ಸ್ಟ್ಯಾಂಡಿನಾಗ ಇಳದ್ರ ನಿಮ್ಮ ಮನಿಗಿ ಹ್ಯಾಂಗ ಬರಬೇಕು?" ಜನ ದಾರಿ ಹೇಳತೊಡಗುತ್ತಿದ್ದರು. ಹಿಟ್ಟಿನ ಗಿರಣಿ, ಅದರ ಬಾಜೂಕ ಕನ್ನಡ ಸಾಲಿ, ಎಡಕ್ಕೆ ಹೊರಳಿದರೆ ಬೇವಿನ ಗಿಡ. ಮಾವಶಿ ಅವಸರ ಮಾಡುತ್ತಿರಲಿಲ್ಲ. ಗಿಡದ ಕಟ್ಟೆಯ ಮೇಲೆ ಯಾರು ಕೂತಿರುತ್ತಾರೆ, ಬಾಗಿಲ ಮುಂದೆ ಏನು ಕಟ್ಟಿದ್ದೀರಿ, ಒಲೆ ಯಾವ ದಿಕ್ಕಿಗಿದೆ ಎಂದು ಕೇಳುತ್ತ ಒಂದು ತಾಸು ತೆಗೆದುಕೊಂಡು ಅವರ ಅಡುಗೆಮನೆ ಮುಟ್ಟುತ್ತಿದ್ದರು. ಹೀಗೆ ಅವರಿಗೆ ಅರವತ್ತು ಎಪ್ಪತ್ತು ಮನೆಗಳ ದಾರಿ ಬಾಯಿಪಾಠವಾಗಿತ್ತು. ಅದರಲ್ಲಿ ಒಂದು ಮನೆಗೂ ಅವರು ಹೋದವರಲ್ಲ.

ಥಿಯೇಟರಿನ ಹೊರಗೆ ಬಂದರೆ ಮಾವಶಿಗೆ ಮಾತೇ ಇರಲಿಲ್ಲ. ನರ್ಸುಗಳೆಲ್ಲ ಕೂಡಿ ಉಣ್ಣುವಾಗ ಇವರು ಹಿಂದಿನ ಮೆಟ್ಟಿಲ ಮೇಲೆ, ಜನರೇಟರಿನ ಪಕ್ಕ, ಒಬ್ಬರೇ ಡಬ್ಬಿ ಬಿಚ್ಚುತ್ತಿದ್ದರು. ಹುಡುಗಿಯರು ಇದನ್ನು ಸೊಕ್ಕು ಎಂದುಕೊಂಡಿದ್ದರು. ನಾನೂ ಬಹಳ ದಿನ ಹಾಗೆಯೇ ಅಂದುಕೊಂಡಿದ್ದೆ. ಅವರ ಕಥೆ ನನಗೆ ತಿಳಿದದ್ದು ತುಣುಕು ತುಣುಕಾಗಿ. ಗಲಗಲಿಯ ಕೆಳಗೆ ಕೃಷ್ಣೆಯ ದಂಡೆಗೆ ಅವರದೊಂದು ಸಣ್ಣ ಊರು. ಕುರಿ ಕಾಯುವ, ತುಸು ಹೊಲ ಉಳುವ ಮನೆತನ. ಆಣೆಕಟ್ಟಿನ ಹಿನ್ನೀರಿಗೆ ಊರು ಹೋಯಿತು. ಇದ್ದವರಿಗೆಲ್ಲ ಮನೆಯ ಜಾಗ ಕೊಟ್ಟರು, ಆದರೆ ಒಂದೇ ಕಡೆ ಸಿಗಲಿಲ್ಲ. ಒಂದು ಓಣಿಯವರು ಮೂರು ಪುನರ್ವಸತಿ ಕೇಂದ್ರಗಳಿಗೆ ಹಂಚಿಹೋದರು. ಹೊಸ ಮನೆಗೆ ಬಂದ ವರ್ಷದಲ್ಲೇ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. "ಬಾಜೂಕ ಯಾರದಾರ್ರಿ?" ಎಂದು ಒಮ್ಮೆ ಕೇಳಿದ್ದೆ. "ಬ್ಯಾರೆ ಊರವ್ರು. ಛಲೋ ಮಂದಿ. ನನ್ನ ಮದಲಿಂದ ಬಲ್ಲವ್ರಲ್ಲ," ಎಂದಿದ್ದರು.

ಎಲ್ಲ ಬೆರಳೂ ಉಳಿಯುತ್ತಿರಲಿಲ್ಲ. ಮುಧೋಳದ ಗಾಣದವರೊಬ್ಬರ ಹೆಬ್ಬೆರಳು ಮೂರನೆಯ ದಿನ ಕಪ್ಪಾಯಿತು. ಮತ್ತೆ ಕೊಯ್ದು ತೆಗೆಯುವಾಗ ಆ ಮನುಷ್ಯ ಒಂದು ಮಾತೂ ಆಡಲಿಲ್ಲ. ಮಾವಶಿಯೂ ಏನೂ ಕೇಳದೆ ಹಣೆಯ ಮೇಲೆ ಕೈ ಇಟ್ಟುಕೊಂಡು ಕೂತರು. ಮುಗಿದ ಮೇಲೆ, "ಇವತ್ತ ಮಾತಾಡ್ಸಲಿಲ್ಲ ನೀವು?" ಎಂದೆ. "ಅವರ ಹೆಬ್ಬಟ್ಟಿನ ಜೋಡಿ ಅವರ ಮಾತಾಡಾಕತ್ತಿದ್ರಲ್ರಿ. ನಡುವ ನಾ ಯಾಕ ಬಾಯಿ ಹಾಕಲಿ," ಎಂದರು.

ಹಿನ್ನೀರು ಬಂದು ಐದಾರು ವರ್ಷಗಳಾಗಿರಬೇಕು. ಒಂದು ಮಧ್ಯಾಹ್ನ ಮುಧೋಳ ಕಡೆಯ ಪುನರ್ವಸತಿ ಕೇಂದ್ರದಿಂದ ಒಬ್ಬ ಹೆಂಗಸನ್ನು ಕರೆತಂದರು. ನಲವತ್ತು ದಾಟಿದ ವಯಸ್ಸು. ಜೋಳದ ಕಣಿಕಿ ಕತ್ತರಿಸುವ ಮಷೀನು ಬಲಗೈಯ ನಡುಬೆರಳು, ಉಂಗುರಬೆರಳು ಎರಡನ್ನೂ ತೆಗೆದಿತ್ತು. ಗಂಡ ಬೆರಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಜೋಪಾನವಾಗಿ ತಂದಿದ್ದರು. ಆಕೆಗೆ ದಮ್ಮಿನ ತ್ರಾಸು. ಎದೆ ಸೀಟಿ ಹಾಕುತ್ತಿತ್ತು. ಪ್ರಜ್ಞೆ ತಪ್ಪಿಸುವ ಮಾತೇ ಇರಲಿಲ್ಲ.

ಮಣಿಕಟ್ಟಿಗೆ ಸೂಜಿ ಹಾಕಿ, ಕೈಯನ್ನು ಪಕ್ಕದ ಹಲಗೆಯ ಮೇಲೆ ಚಾಚಿ ಪಟ್ಟಿ ಕಟ್ಟಿ, ಬಟ್ಟೆ ಮುಚ್ಚಿದೆವು. ಮಾವಶಿ ಬಂದರು. ಆಕೆಯ ಮುಖ ನೋಡಿದರು. ಸ್ಟೂಲಿನ ಮೇಲೆ ಕೂತರು. ಮಾತು ಶುರುವಾಗಲಿಲ್ಲ. ನಡುಬೆರಳಿನ ಮೂಳೆಗೆ ತಂತಿ ಹೋಯಿತು, ನರಗಳಾದವು, ರಕ್ತನಾಳ ಕೂಡಿ ಬೆರಳು ನಸುಗೆಂಪಾಯಿತು. ಎರಡು ತಾಸು ಮಾವಶಿ ತುಟಿ ಬಿಚ್ಚಲಿಲ್ಲ.

ಉಂಗುರಬೆರಳಿಗೆ ಬಂದಾಗ ಆ ಹೆಂಗಸೇ ಕೇಳಿದರು. "ಡಾಕ್ಟರ್ರ, ನನ್ನ ಹಿಂದ ಯಾರೋ ಕುಂತಾರಲ್ರಿ?"

"ನಮ್ಮ ಮಾವಶಿ ಅದಾರ. ಮಾತಾಡ್ತಾರ ನೋಡ್ರಿ," ಎಂದೆ, ಕಣ್ಣು ತೆಗೆಯದೆ.

ತುಸು ಹೊತ್ತಿನ ಮೇಲೆ ಮಾವಶಿಯ ದನಿ ಬಂತು. "ನಿಮ್ಮೂರ ಯಾವುದ್ರಿ?"

ಆ ಹೆಂಗಸು ಕೂಡಲೇ ಉತ್ತರಿಸಲಿಲ್ಲ. ಆಮೇಲೆ ನಿಧಾನವಾಗಿ, "ಹೊಳಿದಂಡಿ ಊರ. ಈಗ ನೀರಾಗ ಐತಿ," ಎಂದರು.

"ಅಲ್ಲಿ ನಿಮ್ಮ ಮನಿಗಿ ಹ್ಯಾಂಗ ಹೋಗೂದಿತ್ತು?"

"ಬಸ್ಸ ಬರತಿರಲಿಲ್ಲ. ಡಾಂಬರ ರಸ್ತಾಕ್ಕ ಇಳದ ನಡೀಬೇಕು. ಬೀರಪ್ಪನ ಗುಡಿ ಬರತೈತಿ. ಗುಡಿ ಹಿಂದ ಬಾವಿ. ಬಾವಿ ದಾಟಿದ್ರ ಎರಡ ಮನಿ, ನಡುವ ಒಂದ ಗ್ವಾಡಿ. ಬಲಕಿಂದು ನಮ್ಮದು."

"ಎಡಕ ಯಾರಿದ್ರು?"

"ಇದ್ಲು ಒಬ್ಬಾಕಿ. ನನ್ನ ಗೆಳತಿ."

ನಾನು ರಕ್ತನಾಳಕ್ಕೆ ಮೂರನೆಯ ಹೊಲಿಗೆ ಹಾಕುತ್ತಿದ್ದೆ. ಆ ಹೆಂಗಸು ಹೇಳುತ್ತ ಹೋದರು. ಗೆಳತಿಗೆ ಮದುವೆಯಾಗಿ ಎಷ್ಟೋ ವರ್ಷಕ್ಕೆ ಒಂದು ಹೆಣ್ಣುಕೂಸು ಹುಟ್ಟಿತಂತೆ. ತಾಯಿಗೆ ಹಾಲಿರಲಿಲ್ಲ. ತನಗೂ ಆಗ ಎಳೆಗೂಸು, ತಾನೇ ಎರಡಕ್ಕೂ ಕುಡಿಸಿದೆ ಎಂದರು. "ಏಳ ತಿಂಗಳಾಗಿತ್ರಿ ಅದಕ. ಜ್ವರ ಬಂದು ಎರಡ ದಿನದಾಗ ಹೋತು. ಬಾವಿ ಕಟ್ಟಿ ಮ್ಯಾಲ ಎಲ್ಲಾರ ಮುಂದ ನನಗ ಅಂದ್ಲು, ನಿನ್ನ ಕಣ್ಣ ಕೆಟ್ಟ, ನಿನ್ನ ನೆದರ ಬಿದ್ದ ನನ್ನ ಕೂಸ ಹೋತು ಅಂತ. ಅವತ್ತಿಂದ ನಾ ಆಕೀ ಬಾಗಲ ಮುಂದ ಹಾದಿಲ್ಲ. ಮುಂದ ಊರ ಬಿಡ್ಸಿದ್ರು. ಆಕಿ ಒಂದ ಕಡೆ, ನಾ ಒಂದ ಕಡೆ."

ಮಾವಶಿ ಹೇಳಿದರು. "ಆಕಿ ಸುಳ್ಳ ಅಂದ್ಲು."

"ನಿಮಗ ಹ್ಯಾಂಗ ಗೊತ್ತು?"

"ನಾನ ಅಂದಾಕಿ."

ಮಣಿಕಟ್ಟಿಗೆ ಸೂಜಿ ಹಾಕಿದಾಗ ಬೆರಳಿನ ಅರಿವು ಹೋಗುತ್ತದೆ, ಆದರೆ ತೋಳಿನ ಬಲ ಹೋಗುವುದಿಲ್ಲ. ಆ ಬಲಗೈ ಪಟ್ಟಿಯನ್ನೂ ಹಲಗೆಯನ್ನೂ ಎಳೆದುಕೊಂಡು ಮೇಲಕ್ಕೆ ಎದ್ದಿತು. ನರ್ಸ್ ಹಾರಿ ಹಿಡಿದುಕೊಂಡರು. ನಾನು ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ಮೂರೂ ಹೊಲಿಗೆ ಹರಿದು, ರಕ್ತನಾಳದ ಬಾಯಿ ಸೀಳಿತ್ತು.

ನನಗೆ ಸಿಟ್ಟು ಬಂತು. "ಮಾವಶಿ, ಹೊರಗ ನಡೀರಿ ನೀವು," ಎಂದೆ.

ಸ್ಟೂಲು ಸರಿದ ಸದ್ದಾಯಿತು. ಆಗ ಆ ಹೆಂಗಸು, ದಮ್ಮು ಎಳೆಯುತ್ತ, "ಕುಂದರ ಬೇ. ಎಲ್ಲಿಗಿ ಹೊಂಟಿ? ಕುಂದರ," ಎಂದರು.

ಮಾವಶಿ ಕೂತರು. ನಾನು, "ಇನ್ನ ಯಾರೂ ಒಂದ ಮಾತ ಆಡಬ್ಯಾಡ್ರಿ," ಎಂದು ಹೇಳಿದೆ. ಯಾರೂ ಆಡಲಿಲ್ಲ. ಮತ್ತೆ ಮೂರು ತಾಸು ಹಿಡಿಯಿತು. ಸೀಳಿದ ಭಾಗ ಕತ್ತರಿಸಿ, ಮುಂಗೈಗೂ ಸೂಜಿ ಹಾಕಿ ಅಲ್ಲಿಂದ ತುಸು ರಕ್ತನಾಳ ತೆಗೆದು, ನಡುವೆ ಕೂಡಿಸಿದೆ. ಆ ಹೆಂಗಸಿನ ಎಡಗೈಗೆ ಸಲೈನಿನ ಸೂಜಿ ಇತ್ತು. ಮಾವಶಿ ತಮ್ಮ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆ ದಿನ ಅವರು ಹಣೆಯನ್ನೂ ಮುಟ್ಟಲಿಲ್ಲ.

ಮರುದಿನ ಮಾವಶಿ ಕೆಲಸಕ್ಕೆ ಬಂದರು, ಆದರೆ ವಾರ್ಡಿನ ಕಡೆ ಹೋಗಲಿಲ್ಲ. ಆ ಹೆಂಗಸು ನರ್ಸಿನ ಕೈಯಲ್ಲಿ ಎರಡು ಸಲ ಹೇಳಿಕಳಿಸಿದರಂತೆ. "ಬರತೇನಂತ ಹೇಳ್ರಿ," ಎಂದರಂತೆ ಮಾವಶಿ. ಹೋಗಲಿಲ್ಲ. ನಾಲ್ಕನೆಯ ದಿನ ಉಂಗುರಬೆರಳು ತಣ್ಣಗಾಗಿ ಕಪ್ಪಿಟ್ಟಿತು. ಅದನ್ನು ತೆಗೆಯಬೇಕಾಯಿತು. ಆ ದಿನ ಮಾವಶಿ ರಜೆ ಹಾಕಿದ್ದರು. ನಡುಬೆರಳು ಉಳಿಯಿತು.

ಆರು ವಾರದ ಮೇಲೆ ತಂತಿ ತೆಗೆಸಲು ಆಕೆ ಬಂದಾಗ ಬಾಗಿಲ ಕಡೆಗೇ ನೋಡುತ್ತಿದ್ದರು.

"ಆಕಿ ಎಲ್ರಿ?"

"ಇವತ್ತ ರಜಾ."

"ನಾ ಬರೂದು ಗೊತ್ತಿತ್ತೇನ್ರಿ ಆಕೀಗಿ?"

"ಗೊತ್ತಿತ್ತು," ಎಂದೆ. ಆಕೆ ಸೆರಗಿನಿಂದ ಕೈ ಮುಚ್ಚಿಕೊಂಡು ಹೋದರು.

ಒಂದು ದಿನ ನಾನೇ ಮಾವಶಿಯನ್ನು ಹಿಂದಿನ ಮೆಟ್ಟಿಲ ಮೇಲೆ ಹಿಡಿದೆ. "ಒಮ್ಮಿ ಅವರ ಊರಿಗಿ ಹೋಗಿ ಬರ್ರಿ ಮಾವಶಿ. ಅವರು ಕುಂದರ ಅಂದಿದ್ದು ನಾ ಕೇಳೇನಿ."

ಅವರು ಡಬ್ಬಿಯ ಮುಚ್ಚಳ ಹಾಕಿದರು. "ಮಂದ್ಯಾಗ ಹಂಗ ಅಂದ್ಲರಿ ಆಕಿ. ಮದಲಿಂದ ಮರ್ಯಾದಿ ಭಾಳ ಆಕೀಗಿ. ಸಿಟ್ಟ ಹೋಗಿದ್ರ ಕೈ ಯಾಕ ಎಳೀತಿದ್ಲು? ಮದಲ ನಾ ಬಾಯಿಲೆ ಕೆಡಿಸಿದ್ದೆ. ಈಗ ಬಟ್ಟೂ ಕಳದೆ. ಯಾವ ಮಾರಿ ತಗೊಂಡ ಹೋಗಲಿ?"

ಆ ಬೆರಳು ಉಳಿಯದಿರಲು ಬೇರೆ ಕಾರಣಗಳೂ ಇದ್ದವು. ಮಷೀನು ಅದನ್ನು ಜಜ್ಜಿತ್ತು, ಬರುವಷ್ಟರಲ್ಲಿ ಹೊತ್ತೂ ಆಗಿತ್ತು. ಕೈ ಎಳೆಯದಿದ್ದರೂ ಅದು ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಈ ಮಾತನ್ನು ಆವತ್ತು ಆ ಮೆಟ್ಟಿಲ ಮೇಲೆ ಅವರಿಗೆ ಬಿಡಿಸಿ ಹೇಳಬೇಕಿತ್ತು. ಹೊರಗ ನಡೀರಿ ಎಂದದ್ದು ತಪ್ಪಾಯಿತು ಎಂದೂ ಹೇಳಬೇಕಿತ್ತು. ಒಳಗಿನಿಂದ ಯಾರೋ ಕರೆದರು, ನಾನು ಎದ್ದುಹೋದೆ. ಆಮೇಲೆ ಆ ವಿಷಯ ತೆಗೆಯಲು ನನಗೆ ಸಮಯ ಸಿಗಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ.

ಆಮೇಲೂ ಆರು ವರ್ಷ ಮಾವಶಿ ಸ್ಟೂಲಿನ ಮೇಲೆ ಕೂತರು. ಆದರೆ ಯಾರ ಮನೆಯ ದಾರಿಯನ್ನೂ ಕೇಳಲಿಲ್ಲ. ಬೆಳೆಯ ಮಾತು, ದನದ ಮಾತು ಆಡಿಸುತ್ತಿದ್ದರು. ರೋಗಿಗಳು ಸುಮ್ಮನಿರುತ್ತಿದ್ದರು, ಕೆಲಸವಾಗುತ್ತಿತ್ತು, ಅವರ ದನಿಯಲ್ಲಿ ಏನು ಕಡಿಮೆಯಾಗಿದೆಯೆಂದು ಗೊತ್ತಾಗುತ್ತಿದ್ದದ್ದು ನನಗೊಬ್ಬನಿಗೆ. ಮೊಣಕಾಲು ಹಿಡಿದುಕೊಂಡು ಬಸ್ಸು ಹತ್ತುವುದು ಆಗದಂತಾದಾಗ ಕೆಲಸ ಬಿಟ್ಟರು. ಸೀರೆ ಕೊಟ್ಟು, ಫೋಟೊ ತೆಗೆಸಿ ಕಳಿಸಿದೆವು. ಅಷ್ಟರಲ್ಲಿ ಜಮಖಂಡಿಯಲ್ಲೇ ಅರಿವಳಿಕೆ ವೈದ್ಯರು ಬಂದು ನೆಲೆಸಿದ್ದರು. ಆದರೂ ನಾನು ಬೆರಳುಗಳನ್ನು ಹಳೆಯ ಕ್ರಮದಲ್ಲೇ ಮಾಡುತ್ತಿದ್ದೆ. ಸ್ಟೂಲಿನ ಮೇಲೆ ಹಾಡಿನ ಪೆಟ್ಟಿಗೆ ಇಟ್ಟೆವು. ಒಂದು ದಿನ ಹೋಗಿ ಮಾವಶಿಯನ್ನು ನೋಡಿ ಬರಬೇಕು ಅಂದುಕೊಳ್ಳುವುದರಲ್ಲೇ ಎರಡು ವರ್ಷ ಕಳೆಯಿತು.

ಸುದ್ದಿ ಕೇಳಿದ ದಿನ, ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಯಾರಿಗೆ? ಅವರ ಮನೆಯಲ್ಲಿ ಯಾರೂ ಇರಲಿಲ್ಲ. ಯೋಚಿಸಿದಾಗ ಹೊಳೆದದ್ದು ಒಬ್ಬರೇ. ಹಳೆಯ ರಜಿಸ್ಟರ್ ತೆಗೆಸಿ ವಿಳಾಸ ನೋಡಿದೆ. ರವಿವಾರ ನಾನೇ ಗಾಡಿ ನಡೆಸಿಕೊಂಡು ಮುಧೋಳದ ಕಡೆ ಹೋದೆ.

ಆಕೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ನಾನು ಕೂಡಿಸಿದ ನಡುಬೆರಳು ಅರ್ಧವಷ್ಟೇ ಮಡಿಯುತ್ತಿತ್ತು. ಗುರುತು ಹಿಡಿದು, ಗಂಡನಿಗೆ ಹೇಳಿ ಕುರ್ಚಿ ಹಾಕಿಸಿದರು. ನಾನು ವಿಷಯ ಹೇಳಿದೆ. ಆಕೆ ಮೊರ ಕೆಳಗಿಟ್ಟರು.

"ಆಕೀ ದನಿ ನನಗ ಮದಲ ಗೊತ್ತಾಗಿತ್ರಿ," ಎಂದರು. "ನಿಮ್ಮೂರ ಯಾವುದು ಅಂದ್ಲಲ್ಲ, ಅಲ್ಲೇ ಗೊತ್ತಾತು. ಅದಕ ದಾರೀ ಹೇಳಿಕೋತ ಆಕೀ ಬಾಗಲಿಗೇ ಕರಕೊಂಡ ಹೋದೆ. ಆಕೀನ ಬಾಯಿ ಬಿಟ್ಟ ಹೇಳಲಿ ಅಂತ."

"ನಿಮಗ ಸಿಟ್ಟಿರಲಿಲ್ಲೇನ್ರಿ?"

"ಇತ್ತರಿ. ಎಂಟ ವರ್ಷ ಇತ್ತು. ನಾನ ಅಂದಾಕಿ ಅಂದ್ಲು ನೋಡ್ರಿ, ಆವಾಗ ಹೋತು."

"ಮತ್ತ ಕೈ ಯಾಕ ಎಳದ್ರಿ?"

ಇದೇನು ಕೇಳುವ ಮಾತೇ ಎಂಬಂತೆ ಆಕೆ ನನ್ನ ಮುಖ ನೋಡಿದರು. "ಆಕೀ ಕೈ ಹಿಡಕೊಳ್ಳಾಕ ಹೋದೆರಿ. ನೀವು ಸೂಜಿ ಹಾಕಿ ಕೈ ಇದ್ದದ್ದ ಗೊತ್ತಾಗದಂಗ ಮಾಡಿದ್ರಿ. ಯಾವ ಕೈ ಕೊಯ್ದದ್ದು, ಯಾವುದು ಛಲೋದು, ಆ ಹೊತ್ತಿಗಿ ನೆನಪ ಆಗಲಿಲ್ಲ."

ನಾನು ಆಕೆಯ ಬಲಗೈ ನೋಡಿದೆ.

"ಇದು ಆಕೀಗಿ ಗೊತ್ತಿತ್ತಲ್ರಿ?" ಎಂದು ಆಕೆ ಕೇಳಿದರು.

"ಇಲ್ರಿ," ಎಂದೆ. ಮಾವಶಿ ಮೆಟ್ಟಿಲ ಮೇಲೆ ಹೇಳಿದ್ದನ್ನೆಲ್ಲ ಹೇಳಿದೆ. ಯಾರೂ ಮಾತಾಡಬಾರದೆಂದು ಆವತ್ತು ಬಾಯಿ ಮುಚ್ಚಿಸಿದವನು ನಾನು ಎಂಬುದನ್ನೂ ಹೇಳಿದೆ. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಬಾಗಿಲಲ್ಲಿ ನಿಂತು ಗಂಡನಿಗೆ, "ನಾಳಿ ಮುಂಜಾನಿ ಆಕೀ ಊರಿಗಿ ಹೋಗೂಣು," ಎಂದರು.

"ಎರಡ ವಾರ ಆಗಾಕ ಬಂತಂತ. ಈಗ ಹೋಗಿ ಏನ ಮಾಡ್ತಿ?" ಎಂದರು ಗಂಡ.

"ಎಲ್ಲಿ ಇಟ್ಟಾರ ಅಂತ ಕೇಳಿ, ಅಲ್ಲಿ ಕುಂತ ಹೇಳಿ ಬರತೇನಿ," ಎಂದರು ಆಕೆ.